ಬರಿಹೊಟ್ಟೆ, ನಸುಕು, ಕುಂಭಕ: ರಕ್ತದ ಕಾಯಿಲೆಗೆ ಒಗ್ಗದ ಯೋಗದ ನಿಯಮಗಳು

ಯಾವ ಊರಿನ ಯೋಗ ತರಗತಿಗೆ ಹೋದರೂ ಮೊದಲ ದಿನ ಕೇಳುವ ಮಾತುಗಳು ಹೆಚ್ಚುಕಡಿಮೆ ಒಂದೇ. ನಸುಕಿನಲ್ಲೇ ಬನ್ನಿ, ತಣ್ಣೀರು ಸ್ನಾನ ಮುಗಿಸಿ ಬನ್ನಿ, ಹೊಟ್ಟೆ ಖಾಲಿ ಇರಲಿ, ನಡುವೆ ನೀರು ಕುಡಿಯಬೇಡಿ, ಉಸಿರು ಕಟ್ಟಿ ಹಿಡಿಯಿರಿ (ಇದೇ ಕುಂಭಕ), ಸ್ವಲ್ಪ ನೋವಾದರೂ ಬಿಡಬೇಡಿ. ಗಟ್ಟಿಮುಟ್ಟಾದವರಿಗೆ ಇದರಿಂದ ತೊಂದರೆಯೇನಿಲ್ಲ. ಸಿಕಲ್ ಸೆಲ್ ಕಾಯಿಲೆ ಇರುವ ಹುಡುಗಿಗೆ ಈ ಪಟ್ಟಿಯ ಮೊದಲ ಐದೂ ಒಟ್ಟಿಗೆ ಸೇರಿದರೆ ಆಸ್ಪತ್ರೆಯ ಹಾಸಿಗೆಯೇ ಗತಿಯಾಗಬಹುದು. ಕುಸುಮರೋಗ, ಅಂದರೆ ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಇರುವ ಹುಡುಗನಿಗೆ ಕೊನೆಯದೊಂದೇ ಸಾಕು. ಹಾಗೆಂದು ಇವರಿಗೆ ಯೋಗ ಬೇಡವೆಂದಲ್ಲ. ನೋವು, ನಿದ್ದೆಗೇಡು, ದಣಿವು, ಬಿಗಿದ ಕೀಲು, ಸೋತ ಸ್ನಾಯು ಇವುಗಳ ಜೊತೆ ದಿನ ದೂಡುವವರಿಗೆ ಅದು ಚೆನ್ನಾಗಿಯೇ ಆಸರೆಯಾಗುತ್ತದೆ. ಆದರೆ ಆಸನದ ಪಟ್ಟಿಯನ್ನು ಬರೆಯಬೇಕಾದದ್ದು ರಕ್ತದ ವರದಿಯನ್ನು ನೋಡಿಕೊಂಡು.

ಸಿಕಲ್ ಸೆಲ್‌ನಿಂದ ಶುರು ಮಾಡೋಣ. ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು 1952ರಲ್ಲಿ, ನಮ್ಮ ಮಗ್ಗುಲಲ್ಲೇ ಇರುವ ನೀಲಗಿರಿಯ ಬುಡಕಟ್ಟು ಜನರಲ್ಲಿ. ನಮ್ಮಲ್ಲಿ ಸೋಲಿಗರು, ಜೇನುಕುರುಬರ ಹಾಡಿಗಳಲ್ಲಿ ಇದು ಹೊಸ ಹೆಸರಲ್ಲ. 2023ರ ಜುಲೈಯಲ್ಲಿ ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ 40 ವರ್ಷದವರೆಗಿನ 7 ಕೋಟಿ ಜನರನ್ನು ತಪಾಸಣೆ ಮಾಡುವ ಗುರಿ ಇಟ್ಟುಕೊಂಡಿದೆ. ಹಾಗಾಗಿ ಇಲ್ಲಿಯವರೆಗೆ ಕಾಯಿಲೆಯ ಹೆಸರೇ ಗೊತ್ತಿಲ್ಲದಿದ್ದ ಎಷ್ಟೋ ಮಕ್ಕಳು ಶಾಲೆಯ ಯೋಗದ ಸಾಲಿನಲ್ಲೂ ನಿಂತಿರುತ್ತಾರೆ ಎಂಬುದನ್ನು ಶಿಕ್ಷಕರು ನೆನಪಿಡಬೇಕು.

ಈ ಕಾಯಿಲೆಯಲ್ಲಿ ಹಿಮೋಗ್ಲೋಬಿನ್ ತನ್ನ ಆಮ್ಲಜನಕವನ್ನು ಬಿಟ್ಟುಕೊಟ್ಟ ಮೇಲೆ ಒಂದಕ್ಕೊಂದು ಅಂಟಿ ಸರಳುಗಳಂತೆ ಬೆಳೆಯುತ್ತದೆ. ದುಂಡಗಿರಬೇಕಾದ ಕೆಂಪುಕಣ ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳದಲ್ಲಿ ಸಿಕ್ಕಿಕೊಳ್ಳುತ್ತದೆ. ಮೈಯಲ್ಲಿ ನೀರು ಕಡಿಮೆಯಾದರೆ, ಚಳಿ ಹಿಡಿದರೆ, ಆಮ್ಲಜನಕ ಇಳಿದರೆ, ಜ್ವರ ಬಂದರೆ, ಮಿತಿಮೀರಿ ದಣಿದರೆ ಇದು ಹೆಚ್ಚುತ್ತದೆ. ತರಗತಿಯ ನಿಯಮಗಳನ್ನು ಈಗ ಇದರ ಪಕ್ಕದಲ್ಲಿಟ್ಟು ನೋಡಿ. ರಾತ್ರಿಯಿಡೀ ನೀರು ಕುಡಿಯದ ಮೈಯನ್ನು ಡಿಸೆಂಬರಿನ ಚಳಿಯಲ್ಲಿ, ತಣ್ಣೀರು ಹೊಯ್ದು, ಉಸಿರು ಕಟ್ಟಿಸಿ ದಣಿಸುವುದು ಎಂದಾಗುತ್ತದೆ. ಈ ಕಾಯಿಲೆಯವರ ಮೂತ್ರಪಿಂಡಕ್ಕೆ ನೀರನ್ನು ಉಳಿಸಿಕೊಳ್ಳುವ ಶಕ್ತಿಯೂ ಕಡಿಮೆ. ಬೆಳಿಗ್ಗೆ ಏಳುವಾಗಲೇ ಅವರ ಮೈ ಒಣಗಿರುತ್ತದೆ.

ಆದ್ದರಿಂದ ಬಿಸಿಲು ಏರಿದ ಮೇಲೆ, 9 ಗಂಟೆಯ ಸುಮಾರಿಗೆ, ಇಲ್ಲವೇ ಸಂಜೆ 4ಕ್ಕೆ ಅಭ್ಯಾಸ ಇರಲಿ. ಅರ್ಧ ಗಂಟೆ ಮೊದಲು ಒಂದು ದೊಡ್ಡ ಲೋಟ ಬೆಚ್ಚನೆ ನೀರು, ಒಂದು ಬಾಳೆಹಣ್ಣು. ನಡುವೆ 10 ನಿಮಿಷಕ್ಕೊಮ್ಮೆ ಎರಡು ಗುಟುಕು ನೀರು. ಕಾಲಿಗೆ ಹತ್ತಿ ಕಾಲುಚೀಲ (ಜಾರದ ತಳದ್ದು), ಸಿಮೆಂಟ್ ನೆಲವಾದರೆ ಚಾಪೆಯ ಮೇಲೊಂದು ಜಮಖಾನ. ಬಿಸಿ ಕೋಣೆಯಲ್ಲಿ ಬೆವರು ಹರಿಸುವ ಯೋಗ ಬೇಡವೇ ಬೇಡ, ಬೆವರಿನಲ್ಲಿ ಹೋಗುವುದೂ ನೀರೇ. ಉಪ್ಪುನೀರು ಕುಡಿದು ಕರುಳು ತೊಳೆಯುವ ಶಂಖಪ್ರಕ್ಷಾಲನ, ನೀರು ಕುಡಿದು ವಾಂತಿ ಮಾಡುವ ಕುಂಜಲ ಕ್ರಿಯೆಗಳನ್ನು ಪಟ್ಟಿಯಿಂದಲೇ ತೆಗೆದುಹಾಕಿ.

ಉಸಿರಾಟದ ವಿಷಯದಲ್ಲಿ ಎಲ್ಲರೂ ಎಡವುತ್ತಾರೆ. ಪ್ರಾಣಾಯಾಮ ಆಮ್ಲಜನಕ ಹೆಚ್ಚಿಸುತ್ತದೆ, ಹಾಗಾದರೆ ಭಸ್ತ್ರಿಕಾ ಒಳ್ಳೆಯದಲ್ಲವೇ ಎಂದು ಕೇಳುವವರಿದ್ದಾರೆ. ರಭಸದಿಂದ ಉಸಿರಾಡಿದಾಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಅದು ಇಳಿದರೆ ಮಿದುಳಿನ ರಕ್ತನಾಳಗಳು ಸಂಕುಚಿಸುತ್ತವೆ. ಸಿಕಲ್ ಸೆಲ್ ಮಕ್ಕಳಲ್ಲಿ ಪಾರ್ಶ್ವವಾಯುವಿನ ಅಪಾಯ ಮೊದಲೇ ಇದೆ. ಭಸ್ತ್ರಿಕಾ, ಕಪಾಲಭಾತಿ, ಕುಂಭಕ ಮೂರನ್ನೂ ಬಿಡಿ. 4 ಎಣಿಸುವಷ್ಟು ಹೊತ್ತು ಉಸಿರು ಒಳಗೆ, 6 ಎಣಿಸುವಷ್ಟು ಹೊತ್ತು ಹೊರಗೆ, ನಡುವೆ ತಡೆಯಿಲ್ಲ. ಕುಂಭಕವಿಲ್ಲದ ನಾಡಿಶೋಧನ, ಮೆಲ್ಲನೆಯ ಭ್ರಾಮರಿ. ಇಷ್ಟು ಸಾಕು.

25 ನಿಮಿಷದ ಅಭ್ಯಾಸವನ್ನು ಹೀಗೆ ಹೊಂದಿಸಬಹುದು. ಮಂಡಿ ಮಡಚಿ ಮಲಗಿ ಹೊಟ್ಟೆಯ ಉಸಿರಾಟ 5 ನಿಮಿಷ. ಹರಡು (ಪಾದದ ಕೀಲು), ಮಣಿಕಟ್ಟು, ಭುಜಗಳ ಸೂಕ್ಷ್ಮ ವ್ಯಾಯಾಮ 5 ನಿಮಿಷ. ಆಮೇಲೆ 8 ನಿಮಿಷದಲ್ಲಿ ಗೋಡೆಗೆ ಅಂಗೈ ಊರಿ ಅರ್ಧ ಉತ್ತಾನಾಸನ, ಮಾರ್ಜರಿ, ಸೊಂಟವನ್ನು ಒಂದು ಗೇಣು ಮಾತ್ರ ಎತ್ತುವ ಸೇತುಬಂಧ 5 ಉಸಿರಿನಂತೆ 3 ಸಲ. ಉಳಿದ 7 ನಿಮಿಷ ಹೊದ್ದುಕೊಂಡು ಶವಾಸನ. ಇಡೀ ಹೊತ್ತು ಏದುಸಿರಿಲ್ಲದೆ ಒಂದು ಪೂರ್ತಿ ವಾಕ್ಯ ಹೇಳಲು ಆಗುತ್ತಿರಬೇಕು. ಆಗದಿದ್ದರೆ ಕೂರಿಸಿ.

ತೊಡೆಸಂದಿನಲ್ಲಿ ನೋವು ಅಥವಾ ನಡಿಗೆಯಲ್ಲಿ ಕುಂಟು ಕಂಡರೆ ಪದ್ಮಾಸನ, ಮಾಲಾಸನ, ಆಳವಾದ ವೀರಭದ್ರಾಸನ ಅಂದೇ ನಿಲ್ಲಬೇಕು. ರಕ್ತ ಸಿಗದೆ ತೊಡೆಮೂಳೆಯ ತಲೆ ಸಾಯುವುದು ಈ ಕಾಯಿಲೆಯಲ್ಲಿ ಸಾಮಾನ್ಯ. ಆರಂಭದಲ್ಲಿ ಎಕ್ಸ್‌ರೇ ಸರಿಯಾಗಿಯೇ ಕಾಣುತ್ತದೆ, ಎಂಆರ್‌ಐಯಲ್ಲಷ್ಟೇ ಗೊತ್ತಾಗುತ್ತದೆ. ‘ಎಕ್ಸ್‌ರೇಯಲ್ಲಿ ಏನೂ ಇಲ್ಲವಂತೆ, ಬಿಗಿತ ಅಷ್ಟೇ, ಎಳೆದರೆ ಸರಿಹೋಗುತ್ತದೆ’ ಎಂದುಕೊಂಡು ಎಳೆದವರು ಕೀಲನ್ನೇ ಕಳೆದುಕೊಳ್ಳುತ್ತಾರೆ. ಕಣ್ಣಿನ ಪರದೆಯ ತಪಾಸಣೆ ಆಗದ ಹೊರತು ಶೀರ್ಷಾಸನ, ಸರ್ವಾಂಗಾಸನವೂ ಬೇಡ.

ಬಾಗಿದ ಕಣಗಳು ರಕ್ತನಾಳ ಕಟ್ಟಿ ನೋವಿನ ಬಿಕ್ಕಟ್ಟು ಬಂದ ದಿನ ಆಸನವಿಲ್ಲ. ಉದ್ದ ನಿಶ್ವಾಸ ಮತ್ತು 15–20 ನಿಮಿಷದ ಯೋಗನಿದ್ರೆಯನ್ನು ಮಾತ್ರ ಮಾಡಿಸಬಹುದು, ಅದೂ ನೋವಿನ ಮದ್ದಿನ ಜೊತೆಗೆ, ಮದ್ದಿನ ಬದಲಿಗಲ್ಲ. ಬಿಕ್ಕಟ್ಟಿನಿಂದ ಆಸ್ಪತ್ರೆ ಸೇರಿದ್ದ 73 ಮಕ್ಕಳು ಮತ್ತು ಹದಿಹರೆಯದವರ ಮೇಲೆ ಅಮೆರಿಕದಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಒಂದು ಯೋಗದ ಅವಧಿಯ ನಂತರ ನೋವು ತುಸು ಇಳಿದಿತ್ತು. ಆಸ್ಪತ್ರೆಯಲ್ಲಿ ಕಳೆದ ದಿನಗಳಲ್ಲಾಗಲೀ ಓಪಿಯಾಯ್ಡ್ ಎಂಬ ಬಲವಾದ ನೋವಿನ ಮದ್ದಿನ ಪ್ರಮಾಣದಲ್ಲಾಗಲೀ ವ್ಯತ್ಯಾಸವಿರಲಿಲ್ಲ. ತುಸು ಇಳಿದರೂ ಅದು ನರಳುವ ಮಗುವಿಗೆ ದೊಡ್ಡದೇ. ಆದರೆ ಇದನ್ನು ತೋರಿಸಿ ಬಿಕ್ಕಟ್ಟು ಕಡಿಮೆ ಮಾಡುವ ಹೈಡ್ರಾಕ್ಸಿಯೂರಿಯಾ ಮದ್ದನ್ನು ನಿಲ್ಲಿಸಿ ಎನ್ನುವ ಗುರು ಸಿಕ್ಕರೆ ಆ ತರಗತಿಗೆ ಮತ್ತೆ ಕಾಲಿಡಬೇಡಿ.

ಕುಸುಮರೋಗದಲ್ಲಿ ಲೆಕ್ಕವೇ ಬೇರೆ. ಇಲ್ಲಿ ಗಮನವಿಡಬೇಕಾದದ್ದು ಗಡಿಯಾರದ ಮೇಲೆ ಮತ್ತು ಕೀಲಿನ ಮೇಲೆ. ಹಿಮೋಫಿಲಿಯಾ ಎ ಇರುವವರಲ್ಲಿ ಕೊರತೆಯಿರುವುದು ರಕ್ತ ಹೆಪ್ಪುಗಟ್ಟಿಸುವ ಫ್ಯಾಕ್ಟರ್ 8 ಎಂಬ ಪ್ರೋಟೀನು; ಮೈತೂಕದ ಕೆಜಿಗೆ 1 ಯೂನಿಟ್‌ನಂತೆ ಅದನ್ನು ಹಾಕಿದರೆ ರಕ್ತದಲ್ಲಿ ಸುಮಾರು ಶೇ 2 ಏರುತ್ತದೆ, 8ರಿಂದ 12 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. 40 ಕೆಜಿಯ ಹುಡುಗನಿಗೆ ಬೆಳಿಗ್ಗೆ 8ಕ್ಕೆ 1000 ಯೂನಿಟ್ ಹಾಕಿದರೆ ಮಟ್ಟ ಶೇ 50ರ ಹತ್ತಿರ. ಅರ್ಧಾಯುಷ್ಯ 12 ಗಂಟೆಯೆಂದೇ ಹಿಡಿದರೂ ರಾತ್ರಿ 8ಕ್ಕೆ 25, ಮರುದಿನ ಬೆಳಿಗ್ಗೆ 12, ಅದರ ಮರುದಿನ ಬೆಳಿಗ್ಗೆ 3. ನಿಂತು ಮಾಡುವ, ಮೈಭಾರ ಹೊರುವ ಆಸನಗಳು ಫ್ಯಾಕ್ಟರ್ ಹಾಕಿಸಿಕೊಂಡ ದಿನದ ಬೆಳಿಗ್ಗೆಯೇ ಆಗಬೇಕು. ಮೂರನೆಯ ದಿನ ಬರೀ ಉಸಿರಾಟ, ಮಲಗಿ ಮಾಡುವ ಚಲನೆ. ಫ್ಯಾಕ್ಟರ್ 8ರ ಕೆಲಸವನ್ನು ಮಾಡುವ ಎಮಿಸಿಜುಮ್ಯಾಬ್ ಚುಚ್ಚುಮದ್ದು ತೆಗೆದುಕೊಳ್ಳುವವರಿಗೆ ಈ ಏರಿಳಿತವಿಲ್ಲ. ಹಾಗೆಂದು ಪೆಟ್ಟು ಬಿದ್ದರೆ ನಡೆದೀತು ಎಂದು ತಿಳಿಯಬಾರದು.

ಮಂಡಿ, ಹರಡು, ಮೊಣಕೈ: ರಕ್ತ ಹೆಚ್ಚಾಗಿ ಸೋರುವುದು ಈ ಮೂರು ಕೀಲುಗಳಲ್ಲಿ. ಸೋರಿದ ರಕ್ತದ ಕಬ್ಬಿಣ ಕೀಲಿನ ಒಳಪದರವನ್ನು ಕೆರಳಿಸುತ್ತದೆ, ಕೆರಳಿದ ಪದರ ದಪ್ಪವಾಗಿ ಮತ್ತೆ ಸುಲಭವಾಗಿ ಸೋರುತ್ತದೆ. ಇದನ್ನು ತಡೆಯಲು ಕೀಲಿನ ಸುತ್ತಲ ಸ್ನಾಯು ಬಲವಾಗಿರಬೇಕು. ಬಳುಕುವುದು ಆಮೇಲಿನ ಮಾತು. ದಂಡಾಸನದಲ್ಲಿ ಕೂತು ಮಂಡಿಯ ಕೆಳಗೆ ಸುರುಳಿ ಸುತ್ತಿದ ಟವೆಲ್ ಇಟ್ಟು, ತೊಡೆ ಬಿಗಿದು ಅದನ್ನು 5 ಸೆಕೆಂಡ್ ಒತ್ತಿ ಬಿಡುವುದು, 10 ಸಲ. ನೋಡಲು ಏನೂ ಇಲ್ಲದ ಈ ಕೆಲಸ ಮಂಡಿಯನ್ನು ಕಾಯುವಷ್ಟು ಯಾವ ದೊಡ್ಡ ಆಸನವೂ ಕಾಯುವುದಿಲ್ಲ. ಗೋಡೆಗೆ ಬೆನ್ನು ಕೊಟ್ಟು ಉತ್ಕಟಾಸನ ಮಾಡುವಾಗ ಮಂಡಿ 30–45 ಡಿಗ್ರಿಗಿಂತ ಹೆಚ್ಚು ಬಾಗದಿರಲಿ. ವೃಕ್ಷಾಸನದಲ್ಲಿ ಪಾದವನ್ನು ತೊಡೆಗೇರಿಸದೆ, ಬೆರಳ ತುದಿ ನೆಲದಲ್ಲಿಟ್ಟು ಹಿಮ್ಮಡಿಯನ್ನು ಇನ್ನೊಂದು ಕಾಲಿನ ಹರಡಿಗೆ ಒರಗಿಸಿ, ಗೋಡೆಯ ಪಕ್ಕ ನಿಲ್ಲಲಿ. ಪದೇ ಪದೇ ರಕ್ತ ಸೋರಿದ ಹರಡಿಗೆ ತಾನೆಲ್ಲಿ ನಿಂತಿದ್ದೇನೆಂಬ ಅರಿವು ಮಂಕಾಗಿರುತ್ತದೆ, ಆದ್ದರಿಂದ ತೂಗಿ ನಿಲ್ಲುವ ಅಭ್ಯಾಸ ಬಹಳ ಬೇಕು. ವಜ್ರಾಸನ, ವೀರಾಸನ, ಮಯೂರಾಸನ, ಬಕಾಸನ, ಚತುರಂಗ ದಂಡಾಸನ ಹಾಳಾದ ಕೀಲಿಗೆ ಸಲ್ಲವು.

ಆಂಜನೇಯಾಸನ, ಹನುಮಾನಾಸನ, ಉಷ್ಟ್ರಾಸನಗಳಲ್ಲಿ ಬೇರೊಂದು ಅಪಾಯವಿದೆ. ತೊಡೆಯನ್ನು ಥಟ್ಟನೆ ಹಿಂದಕ್ಕೆಳೆದಾಗ ಸೊಂಟದೊಳಗಿನ ಸೋವಸ್ ಸ್ನಾಯುವಿನಲ್ಲಿ ರಕ್ತ ಸೋರಬಹುದು. ತೊಡೆಸಂದಿನಲ್ಲಿ ನೋವು, ಕಾಲು ಚಾಚಲಾಗದೆ ಮಡಚಿಯೇ ಮಲಗುವುದು, ತೊಡೆಯ ಮುಂಭಾಗ ಜೋಮು. ಬಲಗಡೆಯಾದರೆ ಅಪೆಂಡಿಸೈಟಿಸ್ ಎಂದು ತಪ್ಪು ತಿಳಿಯುವುದುಂಟು. ಹೊರಗೆ ಊತ ಕಾಣದೆಯೇ ಬಹಳ ರಕ್ತ ಒಳಗೆ ಸೇರುತ್ತದೆ, ಆದ್ದರಿಂದ ತಕ್ಷಣ ಫ್ಯಾಕ್ಟರ್, ತಕ್ಷಣ ಆಸ್ಪತ್ರೆ.

ಕೀಲಿನ ರಕ್ತಸ್ರಾವ ಊತಕ್ಕೆ ಮೊದಲೇ ಸುಳಿವು ಕೊಡುತ್ತದೆ: ಒಳಗೊಂದು ಜುಮುಜುಮು, ಬಿಸಿ. ಮಗು ‘ಏನೋ ಆಗ್ತಿದೆ’ ಅಂದರೆ ನಂಬಿ. ಅಭ್ಯಾಸ ನಿಲ್ಲಿಸಿ, ಫ್ಯಾಕ್ಟರ್ ಹಾಕಿಸಿ, ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ. ಆಸ್ಪಿರಿನ್, ಐಬುಪ್ರೊಫೆನ್ ಕೊಡಬೇಡಿ, ಪ್ಯಾರಾಸಿಟಮಾಲ್ ಆಗುತ್ತದೆ. ಗುರುಗಳು ಬೆನ್ನ ಮೇಲೆ ಕೈಯಿಟ್ಟು ಒತ್ತುವುದು, ಕಾಲು ಹಿಡಿದು ಎಳೆಯುವುದು ಈ ಮಕ್ಕಳ ವಿಷಯದಲ್ಲಿ ಪೂರ್ತಿ ನಿಷಿದ್ಧ. ಮೂಗಿನೊಳಗೆ ದಾರ ತೂರಿಸುವ ಸೂತ್ರನೇತಿಯೂ ಹಾಗೆಯೇ.

ಪ್ಲೇಟ್‌ಲೆಟ್ ಕಡಿಮೆ ಇರುವವರಿಗೆ ಅಂಕಿಯೇ ದಾರಿ. 50,000ಕ್ಕಿಂತ ಮೇಲಿದ್ದರೆ ಬೀಳುವ ಭಯವಿಲ್ಲದ ಬಹುತೇಕ ಆಸನಗಳು, 20,000ದಿಂದ 50,000 ಇದ್ದರೆ ಹಗುರ ಚಲನೆ, ಅದಕ್ಕಿಂತ ಕೆಳಗೆ ಕುರ್ಚಿಯಲ್ಲಿ ಉಸಿರಾಟ. ಯಾವ ಮಟ್ಟದಲ್ಲೂ ತಿಣುಕುವುದು, ಉಸಿರು ಕಟ್ಟುವುದು, ತಲೆಕೆಳಗಾಗುವುದು ಬೇಡ.

ಮೈ ಸಾಕಷ್ಟು ಹಿಮೋಗ್ಲೋಬಿನ್ ತಯಾರಿಸದ ಥಲಸ್ಸೇಮಿಯಾ ಮೇಜರ್ ಇರುವವರ ವಾರಗಳು ಒಂದೇ ಬಗೆಯಲ್ಲ. 2ರಿಂದ 5 ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳುವವರಲ್ಲಿ ಮುಂದಿನ ರಕ್ತದ ಸರದಿಗೆ ಮುಂಚಿನ ನಾಲ್ಕೈದು ದಿನ ಹಿಮೋಗ್ಲೋಬಿನ್ ತಳಕ್ಕಿಳಿದು ಎದೆ ಬಡಿತ ಏರಿರುತ್ತದೆ. ಆಗ ಮಲಗಿ ಮಾಡುವುದಷ್ಟೇ. ರಕ್ತ ಹಾಕಿಸಿಕೊಂಡ ಎರಡನೆಯ ದಿನದಿಂದ ನಿಂತು ಮಾಡಲು ಅಡ್ಡಿಯಿಲ್ಲ. ಇವರಲ್ಲಿ ಎಲ್ಲರೂ ಮರೆಯುವುದು ಮೂಳೆಯನ್ನು. ಇಪ್ಪತ್ತರ ಹರೆಯದಲ್ಲೇ ಬೆನ್ನುಮೂಳೆ ಟೊಳ್ಳಾಗಿರಬಹುದು. ಬೆನ್ನು ಗೂನಿಸಿ ಪಶ್ಚಿಮೋತ್ತಾನಾಸನ, ಹಲಾಸನ ಮಾಡಿಸಿದರೆ ಬೆನ್ನುಮೂಳೆಯ ಮಣಿ ಕುಸಿಯಬಹುದು. ಬೆನ್ನು ನೇರವಿಟ್ಟು ಸೊಂಟದಿಂದ ಮಾತ್ರ ಬಾಗಿಸಿ. ಗುಲ್ಮ (ಸ್ಪ್ಲೀನ್) ದೊಡ್ಡದಾಗಿ ಪಕ್ಕೆಲುಬಿನ ಕೆಳಗೆ ಕೈಗೆ ಸಿಗುತ್ತಿದ್ದರೆ ಹೊಟ್ಟೆ ಮೇಲೆ ಮಲಗುವ ಧನುರಾಸನ, ಶಲಭಾಸನ, ಹೊಟ್ಟೆ ಹಿಂಡುವ ನೌಲಿ ಮಾಡಿಸಬೇಡಿ. ಪದೇ ಪದೇ ಹಾಕಿದ ರಕ್ತದ ಕಬ್ಬಿಣ ಹೃದಯದಲ್ಲಿ ಸೇರಿದೆಯೇ ಎಂದು ತೋರಿಸುವ ಎಂಆರ್‌ಐ ವರದಿ ನೋಡದೆ ಸೂರ್ಯನಮಸ್ಕಾರದ ಸುತ್ತುಗಳನ್ನು ಏರಿಸಲೂಬೇಡಿ.

ಸಿಕಲ್ ಸೆಲ್, ಕುಸುಮರೋಗ, ಥಲಸ್ಸೇಮಿಯಾ ಮೂರೂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿವೆ. ಶಾಲೆಯ ಯೋಗದಲ್ಲಿ ಕುರ್ಚಿ, ನೀರಿನ ಬಾಟಲಿ, ಬೇರೆ ಹೊತ್ತು ಕೇಳಲು ಮಗುವಾಗಲೀ ತಾಯಿಯಾಗಲೀ ಅಳುಕಬೇಕಿಲ್ಲ. ಕೇಳುವಾಗ ಅಂಗೈಯಗಲದ ಒಂದು ರಟ್ಟಿನ ಚೀಟಿ ಕೊಡಿ: ಕಾಯಿಲೆಯ ಹೆಸರು, ಕೊನೆಯ ಸಲ ರಕ್ತ ಅಥವಾ ಫ್ಯಾಕ್ಟರ್ ಹಾಕಿದ ದಿನ, ಕೊನೆಯ ಹಿಮೋಗ್ಲೋಬಿನ್ ಅಥವಾ ಪ್ಲೇಟ್‌ಲೆಟ್ ಅಂಕಿ, ಹಾಳಾದ ಕೀಲು ಯಾವುದು, ಎಡವೋ ಬಲವೋ, ಯಾವ ಆಸ್ಪತ್ರೆ, ಯಾರಿಗೆ ಫೋನ್ ಮಾಡಬೇಕು. ದಿನಾಂಕ ಮತ್ತು ಅಂಕಿಯನ್ನು ಪೆನ್ಸಿಲಿನಲ್ಲಿ ಬರೆಯಿರಿ, ಪ್ರತಿ ಸಲವೂ ಅಳಿಸಿ ತಿದ್ದಬೇಕಾಗುತ್ತದೆ.