ನಮ್ಮೂರಲ್ಲಿ ಒಂದು ಮೋಲ್ ಅಂದ್ರೆ 27 ಲೀಟರ್

ಫಸ್ಟ್ ಪಿಯುಸೀಲಿ ನಮ್ಗೆ ಕೆಮಿಸ್ಟ್ರಿ ತಗೋತಿದ್ದ ಮೇಡಂ ಒಂದು ವಿಷ್ಯದಲ್ಲಿ ತುಂಬಾ ಸ್ಟ್ರಿಕ್ಟು. ಗ್ಯಾಸ್ ಲೆಕ್ಕದಲ್ಲಿ ಯಾರಾದ್ರೂ ಒಂದು ಮೋಲಿಗೆ (ಡಜನ್ ಇದ್ದ ಹಾಗೆ, ಅಣುಗಳನ್ನ ಎಣಿಸೋ ತುಂಬಾ ದೊಡ್ಡ ಅಳತೆ) 22.4 ಲೀಟರ್ ಅಂತ ಬರೆದ ತಕ್ಷಣ "ಯಾವ ಟೆಂಪರೇಚರಲ್ಲಿ, ಯಾವ ಪ್ರೆಶರಲ್ಲಿ?" ಅಂತ ಕೇಳೋರು, ಅದು ಹೇಳೋವರ್ಗೂ ಮುಂದಿನ ಸ್ಟೆಪ್ಪಿಗೆ ಬಿಡ್ತಿರ್ಲಿಲ್ಲ.

ನಮ್ಮಲ್ಲಿ ಅರ್ಧ ಜನ ಕನ್ನಡ ಮೀಡಿಯಮ್ಮಿಂದ ಬಂದವ್ರು, ಸ್ಟಾಯ್ಕಿಯೋಮೆಟ್ರಿ (ರಿಯಾಕ್ಷನ್ನಲ್ಲಿ ಯಾವ್ದು ಎಷ್ಟು ಬೇಕು, ಎಷ್ಟು ಬರುತ್ತೆ ಅನ್ನೋ ಲೆಕ್ಕ) ಅನ್ನೋ ಹೆಸರು ಕೇಳಿದ್ರೇ ಭಯ. ಮೇಡಂ ಅದನ್ನ ಒಂದೇ ಮಾತಲ್ಲಿ ಬಿಡಿಸಿದ್ರು: ಮೋಲ್ ಅಂದ್ರೆ ಮೆಜೆಸ್ಟಿಕ್ ಇದ್ದ ಹಾಗೆ ಕಣ್ರೋ, ಗ್ರಾಂನಿಂದ ಲೀಟರಿಗೆ ಹೋಗ್ಬೇಕಾ, ಅಲ್ಲಿ ಇಳೀಲೇಬೇಕು, ಬಸ್ ಬದಲಾಯಿಸ್ಲೇಬೇಕು. ಗ್ಯಾಸಿಂದ ಗ್ಯಾಸಿಗೆ, ಅದೂ ಟೆಂಪರೇಚರ್ ಪ್ರೆಶರ್ ಎರಡೂ ಒಂದೇ ಇದ್ರೆ ಮಾತ್ರ ಡೈರೆಕ್ಟ್ ಬಸ್ಸು, ಈಕ್ವೇಶನ್ನಲ್ಲಿರೋ ಅನುಪಾತವೇ ಲೀಟರಿನ ಅನುಪಾತ. ಅದನ್ನ 1808ರಲ್ಲಿ ಗೇ-ಲುಸಾಕ್ ಕಂಡುಹಿಡಿದ, 1811ರಲ್ಲಿ ಅವೊಗಾಡ್ರೊ ಕಾರಣ ಕೊಟ್ಟ, ಆದ್ರೆ 1860ರ ಕಾರ್ಲ್ಸ್‌ರೂಹೆ ಕೆಮಿಸ್ಟ್ರಿ ವಿಜ್ಞಾನಿಗಳ ಸಭೇಲಿ ಕನಿಜ್ಜಾರೊ ಎತ್ತಿ ಹೇಳೋವರ್ಗೂ ಹೆಚ್ಚಿನವ್ರು ಅದನ್ನ ಗಂಭೀರವಾಗಿ ತಗೊಳ್ಳೇ ಇಲ್ಲ. ಅಷ್ಟು ವರ್ಷ ಕಾದ ಅವೊಗಾಡ್ರೊ ಬಗ್ಗೆ ನಂಗೆ ಇವತ್ತಿಗೂ ಬೇಜಾರಾಗುತ್ತೆ, ಅಷ್ಟೊತ್ತಿಗೆ ಆತ ತೀರ್ಕೊಂಡಿದ್ದ.

ಲ್ಯಾಬಲ್ಲಿ ಮಾಡಿದ್ದು ಮಾತ್ರ ಮರೆಯೋ ಹಾಗೇ ಇಲ್ಲ. ಸುಮಾರು 24 ಮಿಲಿಗ್ರಾಂ ಮೆಗ್ನೀಷಿಯಂ ರಿಬ್ಬನ್, ಅಂದ್ರೆ ಮೋಲಿನ ಸಾವಿರದಲ್ಲೊಂದು ಭಾಗ, ಅದನ್ನ ಹೈಡ್ರೋಕ್ಲೋರಿಕ್ ಆಸಿಡ್ಡಿಗೆ ಬಿಟ್ಟು ಬರೋ ಹೈಡ್ರೋಜನ್ನನ್ನ ಗೆರೆ ಇರೋ ಗಾಜಿನ ಟ್ಯೂಬಲ್ಲಿ ನೀರಿನ ಮೇಲೆ ಹಿಡಿಯೋದು. ಒಂದು ಮೋಲ್ ಮೆಗ್ನೀಷಿಯಂಗೆ ಒಂದು ಮೋಲ್ ಹೈಡ್ರೋಜನ್, ಹಾಗಾಗಿ 22.4 ಮಿಲಿಲೀಟರ್ ಬರುತ್ತೆ ಅಂತ ಎಲ್ರೂ ಕಾಯ್ತಿದ್ವಿ. ಬಂದಿದ್ದು 28ರ ಹತ್ರ! ಮೇಡಂ ನಗ್ತಾ ಬೋರ್ಡ್ ಹತ್ರ ಹೋದ್ರು. 22.4 ಅನ್ನೋದು 0 ಡಿಗ್ರಿಗೆ, ಇಲ್ಲಿರೋದು 27 ಡಿಗ್ರಿ, ಸರಿಮಾಡಿದ್ರೆ 24.6. ಮತ್ತೆ ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ, ಇಲ್ಲಿ ಗಾಳಿ ಒತ್ತಡ 760 ಮಿಲಿಮೀಟರ್ ಪಾದರಸ (1 ಅಟ್ಮಾಸ್ಫಿಯರ್) ಅಲ್ಲ, 685ರ ಆಸುಪಾಸು, ಅಂದ್ರೆ 0.9 ಅಟ್ಮಾಸ್ಫಿಯರ್, ಅದನ್ನ ಹಾಕಿದ್ರೆ 27.4. ಇಷ್ಟು ಸಾಲ್ದು ಅಂತ ಟ್ಯೂಬಲ್ಲಿ ನೀರಾವಿಯೂ ಸೇರ್ಕೊಂಡಿದೆ, 27 ಡಿಗ್ರೀಲಿ ಅದರ ಒತ್ತಡ ಸುಮಾರು 27 ಮಿಲಿಮೀಟರ್, ಅದನ್ನ ಕಳೆದು ಲೆಕ್ಕ ಹಾಕಿದ್ರೆ 28.4. ಪುಸ್ತಕದ ನಂಬರ್ ಬಿಟ್ಟು ನಮ್ಮೂರಿನ ನಂಬರ್ ಹಾಕಿದ ಕೂಡ್ಲೇ ಟ್ಯೂಬೂ ಬೋರ್ಡೂ ಒಂದೇ ಮಾತು ಹೇಳ್ತಿತ್ತು. ಕೆಮಿಸ್ಟ್ರಿ ಮೇಲೆ ನಂಗೆ ನಂಬಿಕೆ ಬಂದಿದ್ದು ಆವಾಗ್ಲೇ.

ಆಮೇಲೆ ಮನೆಗೆ ಅಂತ ಕೊಟ್ಟ ಲೆಕ್ಕ ಅಡುಗೆ ಗ್ಯಾಸಿಂದು. 14.2 ಕೆಜಿ ಸಿಲಿಂಡರ್, ಪೂರ್ತಿ ಬ್ಯುಟೇನ್ ಅಂತ ಇಟ್ಕೊಳ್ಳಿ (ನಿಜಕ್ಕೆ ಪ್ರೊಪೇನೂ ಇರುತ್ತೆ), 58ರಿಂದ ಭಾಗಿಸಿದ್ರೆ ಸುಮಾರು 245 ಮೋಲ್, ಒಂದೊಂದಕ್ಕೂ ನಾಲ್ಕು ಕಾರ್ಬನ್ ಡೈಆಕ್ಸೈಡ್, ನಮ್ಮೂರಿನ 27.4ರಿಂದ ಗುಣಿಸಿದ್ರೆ ಹತ್ರಹತ್ರ 27,000 ಲೀಟರ್. ಹತ್ತಡಿ ಉದ್ದ, ಅಗಲ, ಎತ್ತರದ ರೂಮು ಬಹುಪಾಲು ತುಂಬೋಷ್ಟು! ಅಷ್ಟು ಉರಿಯೋಕೆ ಬೇಕಾಗೋ ಗಾಳಿ ಎರಡು ಲಕ್ಷ ಲೀಟರಿಗೂ ಮೇಲೆ. ಅಮ್ಮಂಗೆ ಹೇಳ್ದೆ, ಅವತ್ತಿಂದ ನಮ್ಮನೆ ಅಡುಗೆಮನೆ ಕಿಟಕಿ ಮುಚ್ಚಿದ್ದು ನಾ ನೋಡಿಲ್ಲ.

ಈಗ ಓದ್ತಿರೋ ಮಕ್ಳಿಗೆ ಎರಡು ಮಾತು. ಎಸ್‌ಟಿಪಿ (ಲೆಕ್ಕಕ್ಕೆ ಅಂತ ಗೊತ್ತುಮಾಡಿರೋ ಸ್ಟ್ಯಾಂಡರ್ಡ್ ಟೆಂಪರೇಚರ್ ಮತ್ತು ಪ್ರೆಶರ್) ಪ್ರೆಶರನ್ನ 1982ರಲ್ಲೇ 1 ಬಾರ್ (ಒತ್ತಡದ ಇನ್ನೊಂದು ಅಳತೆ) ಮಾಡಿದಾರೆ, ಅದಕ್ಕೆ 22.7, ಹಳೇ 1 ಅಟ್ಮಾಸ್ಫಿಯರಿಗೆ 22.4, ಪ್ರಶ್ನೇಲಿ ಯಾವ್ದು ಕೊಟ್ಟಿದಾರೆ ಅಂತ ನೋಡ್ಕೊಂಡೇ ಶುರುಮಾಡಿ. ಇನ್ನೊಂದು, ಲ್ಯಾಬಲ್ಲಿ ಬ್ಯಾರೋಮೀಟರ್ ಇಲ್ಲ ಅಂತ ಫೋನಲ್ಲಿ ಹವಾಮಾನದ ಆ್ಯಪ್ ನೋಡಿ ಪ್ರೆಶರ್ ಬರ್ಕೋಬೇಡಿ. ಅದು ಸಾಮಾನ್ಯವಾಗಿ ತೋರ್ಸೋದು ಸಮುದ್ರಮಟ್ಟಕ್ಕೆ ಹೊಂದಿಸಿದ ಒತ್ತಡ, 1010 ಹೆಕ್ಟೋಪಾಸ್ಕಲ್ ಹತ್ರ ಇರುತ್ತೆ, ಬೆಂಗಳೂರಿನ ನಿಜವಾದ ಒತ್ತಡ 910ರ ಆಸುಪಾಸು, ಆ್ಯಪಿನ ನಂಬರ್ ಹಾಕಿದ್ರೆ ನಿಮ್ಮ ಹೈಡ್ರೋಜನ್ ಲೆಕ್ಕ ಹತ್ತು ಪರ್ಸೆಂಟಷ್ಟು ಆಚೀಚೆ ಆಗುತ್ತೆ.