ಒಂದೇ ಚಿಕನ್, ಮೂರು ಹುಳಿ

ಚಿಕನ್‌ಗೆ ತನ್ನದೇ ಅಂತ ದೊಡ್ಡ ರುಚಿ ಏನಿಲ್ಲ. ಯಾವ ಪಾತ್ರೆಗೆ ಬಿದ್ದರೆ ಆ ಪಾತ್ರೆಯ ಪಕ್ಷ. ಬೇರೆ ದೇಶದ ಚಿಕನ್ ಅಡುಗೆ ಮಾಡೋಣ ಅಂತ ಹೊರಟವರೆಲ್ಲ ಮೊದಲು ಮಸಾಲೆ ಪಟ್ಟಿ ಹುಡುಕುತ್ತಾರೆ. ನಾನು ನೋಡುವುದು ಹುಳಿ ಎಲ್ಲಿಂದ ಬರುತ್ತೆ ಅಂತ. ಭಾನುವಾರ ಅಕ್ಕ, ಬಾವ, ಮಕ್ಕಳು ರಾತ್ರಿ ಊಟಕ್ಕೆ ಬರುವವರಿದ್ದರು. ಒಂದು ಕೈ ನೋಡೇ ಬಿಡೋಣ ಅಂತ ಚಿಕನ್ ಮೂರು ಪಾಲು ಮಾಡಿದೆ. ಒಂದಕ್ಕೆ ದಾಳಿಂಬೆ, ಒಂದಕ್ಕೆ ನಿಂಬೆ, ಇನ್ನೊಂದಕ್ಕೆ ವಿನೆಗರ್.

ಮೂರಕ್ಕೂ ತೊಡೆಯ ಭಾಗವೇ ಸರಿ. ಎದೆಯ ಮಾಂಸವನ್ನು ಅಷ್ಟು ಹೊತ್ತು ಒಲೆ ಮೇಲಿಟ್ಟರೆ ಒಣಗಿ ನಾರುನಾರಾಗುತ್ತದೆ.

ಮೊದಲು ಶುರು ಮಾಡಿದ್ದು ಇರಾನಿನ ಫೆಸೆಂಜಾನ್, ಯಾಕಂದ್ರೆ ಅದಕ್ಕೇ ಹೊತ್ತು ಜಾಸ್ತಿ. ಇದು ಕ್ಯಾಸ್ಪಿಯನ್ ಸಮುದ್ರದ ದಡದ ಗಿಲಾನ್ ಕಡೆಯ ಅಡುಗೆ, ಅಲ್ಲಿ ಬಾತುಕೋಳಿಯಲ್ಲೂ ಮಾಡುತ್ತಾರೆ. ವಾಲ್‌ನಟ್ ಬಿಸಿ ಮಾಡಿ, ನುಣ್ಣಗೆ ರುಬ್ಬಿ, ನೀರು ಬೆರೆಸಿ ಸಣ್ಣ ಉರಿಯಲ್ಲಿ ಇಡಬೇಕು. ಆರಂಭದಲ್ಲಿ ನೋಡಿದರೆ ಬೂದು ಬಣ್ಣದ ಗಂಜಿ, ಯಾರಿಗೂ ಬಾಯಿಗಿಡಬೇಕು ಅನಿಸಲ್ಲ. ಆಮೇಲೆ ದಾಳಿಂಬೆ ರಸವನ್ನು ಕುದಿಸಿ ಪಾಕ ಮಾಡಿದ್ದನ್ನು ಹಾಕಿ, ಹುರಿದ ಚಿಕನ್ ಸೇರಿಸಿ, ತಳ ಹಿಡಿಯದ ಹಾಗೆ ಆಗಾಗ ಕೈಯಾಡಿಸುತ್ತಾ ಕಾದರೆ, ಬಣ್ಣ ನಿಧಾನಕ್ಕೆ ಕಂದಾಗಿ, ಕಪ್ಪಾಗಿ, ಪಾತ್ರೆಯ ಅಂಚಿನಲ್ಲಿ ವಾಲ್‌ನಟ್‌ನ ಎಣ್ಣೆ ಬಿಟ್ಟುಕೊಳ್ಳುತ್ತದೆ. ಎಣ್ಣೆ ಬಿಡುವ ತನಕ ಇಳಿಸಬಾರದು. ಹುಳಿ ಜಾಸ್ತಿ ಅನಿಸಿದರೆ ಚೂರು ಸಕ್ಕರೆ.

ಅದು ಒಂದು ಕಡೆ ಬೇಯುತ್ತಿರಲಿ, ಯಾಸ್ಸಾಗೆ ಬರೋಣ. ಸೆನೆಗಲ್ ದೇಶದ ದಕ್ಷಿಣದಲ್ಲಿರುವ ಕಾಸಾಮಾನ್ಸ್ ಪ್ರದೇಶದ್ದು. ಇದಕ್ಕೆ ಈರುಳ್ಳಿ ಬೇಕು, ರಾಶಿ ಈರುಳ್ಳಿ. ನಿಂಬೆರಸ, ಮಸ್ಟರ್ಡ್ ಸಾಸ್, ಬೆಳ್ಳುಳ್ಳಿ, ಮೆಣಸಿನಕಾಯಿ ಎಲ್ಲದರ ಜೊತೆ ಚಿಕನ್ ಕಲಸಿ ಒಂದೆರಡು ಗಂಟೆ ಬಿಟ್ಟಿದ್ದೆ. ರಾತ್ರಿಯಿಡೀ ನೆನೆಸಿ ಅಂತ ಹೇಳುವವರೂ ಇದ್ದಾರೆ, ನನಗೆ ಒಪ್ಪಿಗೆ ಇಲ್ಲ. ಅಷ್ಟು ನಿಂಬೆಯಲ್ಲಿ ತುಂಬಾ ಹೊತ್ತು ಬಿದ್ದಿದ್ದರೆ ಮಾಂಸದ ಮೇಲ್ಭಾಗ ಪುಡಿಪುಡಿಯಾಗುತ್ತೆ. ಈರುಳ್ಳಿ ಕೊಡವಿ ಚಿಕನ್ ತುಂಡುಗಳನ್ನು ಜೋರು ಉರಿಯಲ್ಲಿ ಅಲ್ಲಲ್ಲಿ ಕಪ್ಪಾಗುವ ಹಾಗೆ ಸುಟ್ಟು ತೆಗೆದಿಟ್ಟೆ. ಅದೇ ಬಾಣಲೆಗೆ ಈರುಳ್ಳಿ ಸುರಿದು, ಉರಿ ತಗ್ಗಿಸಿ, ಬಾಣಲೆ ತುಂಬಿದ್ದ ಅಷ್ಟೂ ಈರುಳ್ಳಿ ಕರಗಿ ಮೂರು ಹಿಡಿಯಾಗುವವರೆಗೂ ಬಾಡಿಸಿದೆ. ನೆನೆಸಿದ ರಸ, ಚಿಕನ್ ವಾಪಸ್ ಹಾಕಿ ಒಳಗೆ ಪೂರ್ತಿ ಬೇಯುವ ತನಕ ಕುದಿಸಿದ್ದು. ಥರ್ಮಾಮೀಟರ್ ಇದ್ದರೆ ಮಾಂಸದ ಒಳಗೆ 74 ಡಿಗ್ರಿ ಸೆಲ್ಸಿಯಸ್ ಬರಬೇಕು.

ಫಿಲಿಪೀನ್ಸಿನ ಅಡೋಬೊ ಸೋಮಾರಿಗಳ ಪಾಲಿನ ವರ. ವಿನೆಗರ್, ಸೋಯಾ ಸಾಸ್, ಜಜ್ಜಿದ ಬೆಳ್ಳುಳ್ಳಿ, ಕಾಳುಮೆಣಸು, ಬೇ ಲೀಫ್, ಚಿಕನ್, ಎಲ್ಲ ಒಂದೇ ಪಾತ್ರೆಗೆ. ಹೆಸರು ಸ್ಪ್ಯಾನಿಷ್‌ನವರು ಕೊಟ್ಟದ್ದು. ಆದರೆ ಅವರು 16ನೇ ಶತಮಾನದಲ್ಲಿ ಬಂದು ನೆಲೆಸುವ ಮೊದಲೇ, ಮಾಂಸ ಕೆಡದಿರಲಿ ಅಂತ ಅಲ್ಲಿನ ಜನ ವಿನೆಗರ್, ಉಪ್ಪು ಹಾಕಿ ಬೇಯಿಸುತ್ತಿದ್ದರು. ಒಂದೇ ಒಂದು ಕಟ್ಟುನಿಟ್ಟು ಅಂದ್ರೆ, ವಿನೆಗರ್ ಹಾಕಿದ ಮೇಲೆ ಅದು ಕುದಿ ಬರುವ ತನಕ ಸೌಟು ಹಾಕಬಾರದು ಅಂತ ಅಲ್ಲಿನವರು ಹೇಳುತ್ತಾರೆ. ಹಸಿ ವಿನೆಗರ್ ಘಾಟು ಹೋಗಬೇಕಲ್ಲ, ಅದಕ್ಕೆ. ಅಷ್ಟರಲ್ಲಿ ಬಾವ ಅಡುಗೆಮನೆಗೆ ಬಂದು ಸೌಟು ಕೈಗೆತ್ತಿಕೊಂಡರು.

"ಸ್ವಲ್ಪ ತಿರುಗಿಸ್ಲಾ?"

"ಅಯ್ಯೋ ಬೇಡ ಬಾವ, ಮುಟ್ಟಬೇಡಿ!"

ಪಾಪ, ಸೌಟು ಹಿಡಿದುಕೊಂಡೇ ನಿಂತಿದ್ದರು.

ಮೂರಕ್ಕೂ ಬಿಳಿ ಅನ್ನವೇ ಜೊತೆ. ಮಕ್ಕಳು ಅಡೋಬೊ ಬಿಟ್ಟು ಬೇರೆ ಮುಟ್ಟಲಿಲ್ಲ. ಬಾವ ಫೆಸೆಂಜಾನ್ ಒಂದು ತುತ್ತು ತಿಂದು "ಇದು ಸಿಹಿನೋ ಹುಳಿನೋ?" ಅಂತ ಕೇಳಿದರು. ಎರಡೂ ಅಂದೆ. ಉತ್ತರ ಸಮಾಧಾನ ತಂದ ಹಾಗೆ ಕಾಣಲಿಲ್ಲ, ಆದರೂ ಎರಡನೇ ಸಲ ಹಾಕಿಸಿಕೊಂಡರು. ನನ್ನನ್ನು ಕೇಳಿದರೆ ಯಾಸ್ಸಾದ ಈರುಳ್ಳಿ ಅದರ ಚಿಕನ್‌ಗಿಂತ ಚೆನ್ನಾಗಿತ್ತು.

ಮೂರನ್ನೂ ಒಂದೇ ಸಂಜೆ ಮಾಡಿ ಅಂತ ಯಾರಿಗೂ ಹೇಳಲಾರೆ, ಪಾತ್ರೆ ತೊಳೆಯುವಾಗ ಗೊತ್ತಾಗುತ್ತೆ. ಕೆಲಸದ ದಿನಕ್ಕೆ ಅಡೋಬೊ ಸಾಕು, ಮಾರನೇ ದಿನ ಇನ್ನೂ ರುಚಿ. ಮುಂದಿನ ಸರದಿ ಪ್ಯಾಲೆಸ್ಟೀನಿನ ಮುಸಖ್ಖನ್‌ದು. ಅದರಲ್ಲಿ ಹುಳಿ ಬರುವುದು ಸುಮಾಕ್ ಅನ್ನೋ ಒಣಹಣ್ಣಿನ ಕೆಂಪು ಪುಡಿಯಿಂದ. ಯಾವಾಗ ಅಂತ ಅಕ್ಕ ಈಗಲೇ ಕೇಳುತ್ತಿದ್ದಾಳೆ, ಪಾತ್ರೆ ಅವಳು ತೊಳೆಯುವುದಾದರೆ ನಾಳೆಯೇ.