ಒನ್ಸ್ ಮೋರ್‌ಗೂ ತಾಲೀಮು ಬೇಕು

ಕಳೆದ ಭಾನುವಾರ ದಾವಣಗೆರೆಯ ಪಿ.ಜೆ. ಬಡಾವಣೆಯ ಸಣ್ಣ ಹಾಲೊಂದರಲ್ಲಿ ಕುರುಕ್ಷೇತ್ರ ನಾಟಕದ ಕೊನೆಯ ತಾಲೀಮು ನಡೆದಿತ್ತು. ಆಟ ಇರುವುದು ಚಿತ್ರದುರ್ಗದ ಕಡೆಯ ಒಂದು ಹಳ್ಳಿಯ ಜಾತ್ರೆಯಲ್ಲಿ, ರಾತ್ರಿ 10ಕ್ಕೆ ಶುರು, ಬೆಳಗಿನ 5ಕ್ಕೆ ಮಂಗಳ. ದ್ರೌಪದಿ ಪಾತ್ರದ ಕಲಾವಿದೆ ಹೊರಗಿನಿಂದ ಬಂದವರು. ಈ ತಂಡದ ಜೊತೆ ಅವರಿಗೆ ಸಿಕ್ಕಿದ್ದು ಇದೊಂದೇ ತಾಲೀಮು. ಕೃಷ್ಣನ ಪಾತ್ರಧಾರಿ ಹಾಡು ಮುಗಿಸಿದ, ಕಿಟಕಿ ಪಕ್ಕ ಮಂಡಕ್ಕಿ ತಿನ್ನುತ್ತಿದ್ದ ಹುಡುಗರು ‘ಒನ್ಸ್ ಮೋರ್’ ಎಂದು ಕೂಗಿದರು, ಅವನು ಹಿಗ್ಗಿ ಪಲ್ಲವಿಯಿಂದ ಮತ್ತೆ ಎತ್ತಿಕೊಂಡ. ಅಷ್ಟರಲ್ಲಿ ದ್ರೌಪದಿ ಮುಡಿ ಬಿಚ್ಚಿಕೊಂಡು ರಂಗದ ಮೇಲೆ ಕಾಲಿಟ್ಟಾಗಿತ್ತು. ಹಿಂದಕ್ಕೆ ಹೋಗುವಂತಿಲ್ಲ, ಮುಂದಕ್ಕೆ ಬರುವಂತಿಲ್ಲ. ನಾಲ್ಕು ನಿಮಿಷ ಬಿಚ್ಚಿದ ಕೂದಲು ಹಿಡಿದು ನಿಂತೇ ಇದ್ದರು.

ಹಾಡು ಮುಗಿದ ಮೇಲೆ ಅವರು ಹಾರ್ಮೋನಿಯಂ ಮೇಷ್ಟ್ರ ಕಡೆ ತಿರುಗಿ ಹೇಳಿದ್ದು ಇಷ್ಟೇ: “ಇದು ನಾನು ಅಳ್ತಾ ಬರೋ ಸೀನು ಮೇಷ್ಟ್ರೇ. ಅವ್ರು ಇನ್ನೊಂದ್ಸಲ ಹಾಡೋದಾದ್ರೆ ಹಾಡ್ಲಿ, ಬ್ಯಾಡ ಅನ್ನಲ್ಲ. ನಂಗೆ ಮೊದ್ಲೇ ಹೇಳಿಬಿಡ್ರಿ. ಅಲ್ಲಿತನಕ ಕಣ್ಣಾಗೆ ನೀರು ಹಿಡ್ಕೊಂಡು ನಿಂತ್ಕಳಾಕಾಗಲ್ಲ.”

ಈ ಮಾತು ಕೇಳಿದ ತಕ್ಷಣ ನೆನಪಾಗಿದ್ದು ಸಿಯೋಲ್. 2024ರ ಸೆಪ್ಟೆಂಬರ್ 8ರಂದು ಅಲ್ಲಿನ ಸೆಜಾಂಗ್ ಸೆಂಟರ್‌ನಲ್ಲಿ ಪುಚ್ಚಿನಿಯ ‘ಟೋಸ್ಕಾ’ ಒಪೆರಾ, ಅಂದರೆ ಹಾಡಿನಲ್ಲೇ ಸಾಗುವ ಪಾಶ್ಚಾತ್ಯ ನಾಟಕ, ನಡೆಯುತ್ತಿತ್ತು. ಮೂರನೇ ಅಂಕದಲ್ಲಿ ಟೆನರ್ (ಎತ್ತರದ ಸ್ವರದ ಗಾಯಕ) ಆಲ್ಫ್ರೆಡ್ ಕಿಮ್ ತಮ್ಮ ಪಾತ್ರದ ಪ್ರಸಿದ್ಧ ಹಾಡು ‘ಎ ಲುಚೆವಾನ್ ಲೆ ಸ್ಟೆಲ್ಲೆ’ ಮುಗಿಸಿದರು. ಚಪ್ಪಾಳೆ ನಿಲ್ಲದ್ದರಿಂದ ಇನ್ನೊಮ್ಮೆ ಹಾಡಿದರು. ಟೋಸ್ಕಾ ಪಾತ್ರದ ಆಂಜೆಲಾ ಗೆಯೋರ್ಗಿಯು ಆ ಮರುಹಾಡಿನ ನಡುವೆಯೇ ರಂಗಕ್ಕೆ ಬಂದು ಅಸಮಾಧಾನ ತೋರಿಸಿದರು. ನಂತರದ ಯುಗಳಗೀತೆಯನ್ನು ಅರ್ಧಕ್ಕೆ ನಿಲ್ಲಿಸಿ, ಇದು ಸಂಗೀತ ಕಛೇರಿಯಲ್ಲ ನಾಟಕ, ನನಗೂ ಮರ್ಯಾದೆ ಕೊಡಿ ಎಂಬರ್ಥದ ಮಾತು ಆಡಿಯೇಬಿಟ್ಟರು. ಕೊನೆಯಲ್ಲಿ ನಮಸ್ಕಾರಕ್ಕೆ ಬಂದಾಗ ಸಭೆಯ ಒಂದು ಭಾಗ ಅವರನ್ನು ಕೂಗಿ ಹೀಯಾಳಿಸಿತು. ಒನ್ಸ್ ಮೋರ್ ಯಾರೂ ಕೊಡಬಾರದೆಂದು ಮೊದಲೇ ಮಾತಾಗಿತ್ತು ಎಂಬುದು ಗೆಯೋರ್ಗಿಯು ಕಡೆಯವರ ವಾದ.

ಅದೇ ಒಪೆರಾ, ಅದೇ ಹಾಡು, ಅದೇ ಗಾಯಕಿ. ಎಂಟು ವರ್ಷ ಮೊದಲು, 2016ರ ಏಪ್ರಿಲ್ 16ರಂದು ವಿಯೆನ್ನಾದಲ್ಲಿ ಯೋನಾಸ್ ಕೌಫ್‌ಮನ್ ಈ ಹಾಡನ್ನು ಎರಡು ಸಲ ಹಾಡಿದರು. ವಾದ್ಯವೃಂದ ಟೋಸ್ಕಾಳ ಪ್ರವೇಶದ ಸಂಗೀತ ನುಡಿಸಿತು, ಟೋಸ್ಕಾ ಬರಲೇ ಇಲ್ಲ. ಕೌಫ್‌ಮನ್ ‘ನಮ್ಮ ಸೊಪ್ರಾನೊ ಇಲ್ಲವಲ್ಲ’, ಅಂದರೆ ನಾಯಕಿಯೇ ಇಲ್ಲವಲ್ಲ, ಎಂದು ಅದೇ ಸಂಗೀತಕ್ಕೆ ಕೂಡಿಸಿ ಹಾಡಿದರು.

ಈ ಹಾಡಿಗೇ ಯಾಕೆ ಹೀಗಾಗುತ್ತದೆ ಎನ್ನುವುದನ್ನು ಕಂಪನಿ ನಾಟಕದವರು ಸುಲಭವಾಗಿ ಹಿಡಿಯಬಲ್ಲರು. ಕವರದೋಸಿ ಎಂಬ ಚಿತ್ರಕಾರನಿಗೆ ಬೆಳಗಾಗುವಷ್ಟರಲ್ಲಿ ಗುಂಡಿನ ಶಿಕ್ಷೆ. ಕೋಟೆಯ ಮೇಲೆ ಒಬ್ಬನೇ ಕೂತು, ನಕ್ಷತ್ರ ಹೊಳೆಯುತ್ತಿದ್ದ ಆ ರಾತ್ರಿಯನ್ನು ನೆನೆದು ಅಳುತ್ತಾನೆ. ಕ್ಲಾರಿನೆಟ್ ಒಂದು ರಾಗ ಎತ್ತಿಕೊಡುತ್ತದೆ, ಮೂರು ನಿಮಿಷದಲ್ಲಿ ಹಾಡು ಮುಗಿಯುತ್ತದೆ. ಮುಗಿದ ಕೂಡಲೇ ಅವನ ಪ್ರೇಯಸಿ ಟೋಸ್ಕಾ ಬಿಡುಗಡೆಯ ಪತ್ರ ಹಿಡಿದು ಓಡಿ ಬರಬೇಕು. ಸತ್ತೆ ಅಂದುಕೊಂಡವನಿಗೆ ಜೀವ ಬರುವುದೇ ಆ ಸೀನಿನ ಹುರುಳು. ಸಾಯುವ ಸಂಕಟವನ್ನು ಎರಡು ಸಲ ಹಾಡಿದರೆ, ಹೊರಗೆ ಓಡುವ ಉಸಿರು ಕಟ್ಟಿಕೊಂಡು ನಿಂತವಳು ಅದನ್ನು ಎಲ್ಲಿ ಇಟ್ಟುಕೊಳ್ಳಬೇಕು? ಪಿ.ಜೆ. ಬಡಾವಣೆಯ ದ್ರೌಪದಿ ಕೇಳಿದ್ದೂ ಇದನ್ನೇ.

ಇದಕ್ಕೆ ಎದುರಾಗಿ 2007ರ ಮಿಲಾನ್ ನೋಡಿ. ಅಲ್ಲಿನ ಲಾ ಸ್ಕಾಲಾ ಒಪೆರಾ ಮಂದಿರದಲ್ಲಿ ಗಾಯಕ ಹುವಾನ್ ದಿಯೆಗೊ ಫ್ಲೋರೆಸ್, ದೊನಿಜೆಟ್ಟಿಯ ಒಪೆರಾದಲ್ಲಿ ಒಂಬತ್ತು ಸಲ ಮೇಲಿನ ‘ಸಿ’ ಸ್ವರ ಮುಟ್ಟುವ ಹಾಡನ್ನು ಎರಡನೇ ಸಲ ಹಾಡಿದರು. ಆ ರಂಗದಲ್ಲಿ 1933ರಲ್ಲಿ ರಷ್ಯದ ಗಾಯಕ ಶಾಲ್ಯಾಪಿನ್ ಹಾಡಿದ ಮೇಲೆ ಒಬ್ಬ ಗಾಯಕ ಹೀಗೆ ಮರಳಿ ಹಾಡಿದ್ದು ಅದೇ ಮೊದಲು. ಮರುವರ್ಷ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ, ಅಂದರೆ ಮೆಟ್‌ನಲ್ಲೂ ಅವರು ಅದೇ ಹಾಡಿಗೆ ಒನ್ಸ್ ಮೋರ್ ಕೊಟ್ಟರು. ಯಾರಿಗೂ ತೊಂದರೆಯಾಗಲಿಲ್ಲ. ಅದು ಸಂತೋಷದ ಹಾಡು, ಸುತ್ತ ಸಿಪಾಯಿಗಳ ಮೇಳ ಅಲ್ಲೇ ನಿಂತಿರುತ್ತದೆ, ಪಕ್ಕದಲ್ಲಿ ಕಣ್ಣೀರು ಹಿಡಿದು ಕಾಯುವವರು ಯಾರೂ ಇಲ್ಲ. ಮೆಟ್‌ನಲ್ಲಿ ಆಡಳಿತದ ಒಪ್ಪಿಗೆಯೂ ಮೊದಲೇ ಆಗಿತ್ತು.

ಈ ಜಗಳಕ್ಕೆ ಬಹಳ ವಯಸ್ಸಾಗಿದೆ. 1786ರಲ್ಲಿ ಮೊಜಾರ್ಟನ ‘ಫಿಗರೋ’ ಒಪೆರಾಗೆ ವಿಯೆನ್ನಾದ ಜನ ಹಾಡು ಹಾಡಿಗೂ ಒನ್ಸ್ ಮೋರ್ ಕೂಗಿ ಆಟ ಲಂಬಿಸಿದರು. ಆಗ ಚಕ್ರವರ್ತಿ ಎರಡನೇ ಜೋಸೆಫ್, ಒಬ್ಬರಿಗಿಂತ ಹೆಚ್ಚು ಜನ ಹಾಡುವ ಭಾಗಗಳನ್ನು ಮರಳಿ ಹಾಡುವಂತಿಲ್ಲ ಎಂದು ಆಜ್ಞೆ ಮಾಡಿದ. ರಂಗದ ಕೆಲಸ ಬಲ್ಲವರಿಗೆ ಅದು ವಿವೇಕದ ಆಜ್ಞೆ ಅನ್ನಿಸುತ್ತದೆ. ಒಬ್ಬ ಹಿಂದಕ್ಕೆ ಹೋಗುವುದು ಸುಲಭ, ಆರು ಜನ ಒಟ್ಟಿಗೆ ಹಿಂದಕ್ಕೆ ಹೋಗುವುದು ಕಷ್ಟ.

ರಂಗನಟಿ ಚಿಂದೋಡಿ ಲೀಲಾ ಅವರ ಊರಾದ ದಾವಣಗೆರೆಯಲ್ಲಿ ಒನ್ಸ್ ಮೋರ್ ಬೇಡ ಎನ್ನುವ ಮಾತಿಗೆ ಅರ್ಥವಿಲ್ಲ. ವೃತ್ತಿ ರಂಗಭೂಮಿ ಜನರ ಆ ಕೂಗಿನಿಂದಲೇ ಬದುಕಿದ್ದು. ಆದರೆ ಅದನ್ನು ಕೊಡುವುದು ಹಾಡಿದವನೊಬ್ಬನ ಕೈಯಲ್ಲಿಲ್ಲ, ಇಡೀ ರಂಗದ ಕೈಯಲ್ಲಿದೆ. ಭಾನುವಾರ ಮೇಷ್ಟ್ರು ಮಾಡಿದ್ದು ಅದರ ತಾಲೀಮನ್ನೇ.

ಮೊದಲು ಹಾಡಿನ ಕೊನೆ. ತಬಲಾದವನು ಮೂರು ಸಲದ ಮುಕ್ತಾಯ ಬಾರಿಸಿ ನಿಲ್ಲಿಸಿದರೆ ಹಾಡು ಬಾಗಿಲು ಹಾಕಿಕೊಂಡ ಹಾಗೆ. ಆಮೇಲೆ ಮತ್ತೆ ತೆಗೆಯುವುದು ಒರಟಾಗಿ ಕೇಳುತ್ತದೆ. ಒನ್ಸ್ ಮೋರ್ ಬರಬಹುದಾದ ಹಾಡಿಗೆ ಮುಕ್ತಾಯ ಚಿಕ್ಕದಿರಬೇಕು, ಮೇಷ್ಟ್ರು ಷಡ್ಜದ (‘ಸ’ ಸ್ವರದ) ಮೇಲಿನ ಬೆರಳು ಎತ್ತಬಾರದು. ಕಾಲು ಹಾರ್ಮೋನಿಯಂನ ಅನುಕೂಲ ಇಲ್ಲೇ ಇರುವುದು. ಗಾಳಿ ಕಾಲಿನಿಂದ ಬರುವುದರಿಂದ ಒಂದು ಕೈ ಶ್ರುತಿ ಹಿಡಿದಿದ್ದರೂ ಇನ್ನೊಂದು ಕೈಯಿಂದ ತಬಲಾದವನಿಗೆ ಸನ್ನೆ ಮಾಡಬಹುದು. ಬೆರಳು ಷಡ್ಜದ ಮೇಲೇ ಇದ್ದರೆ ‘ಹಾಡು’, ಎತ್ತಿದರೆ ‘ಮಾತಿಗೆ ಬಾ’. ಪಾತ್ರಧಾರಿ ಜನರ ಮುಖ ನೋಡಿ ತೀರ್ಮಾನಿಸುವುದಲ್ಲ, ಶ್ರುತಿ ಕೇಳಿ ತೀರ್ಮಾನಿಸುವುದು.

ಎರಡನೆಯದು ಎಲ್ಲಿಂದ ಎತ್ತಬೇಕು ಎನ್ನುವುದು. ಪಲ್ಲವಿಯಿಂದ ಎತ್ತಿದರೆ ನಾಲ್ಕು ನಿಮಿಷದ ಹಾಡು ಮತ್ತೆ ನಾಲ್ಕು ನಿಮಿಷ. ಆಲಾಪ ಬಿಟ್ಟು ಕೊನೆಯ ಚರಣದ ಏರಿನಿಂದ ಎತ್ತಿದರೆ ಒಂದೂವರೆ ನಿಮಿಷ. ಜನ ಕೂಗಿದ್ದು ಆ ಏರಿಗೇ ತಾನೆ, ಅದನ್ನೇ ಕೊಟ್ಟರೆ ಸಾಕು. ಗಂಟಲೂ ಉಳಿಯುತ್ತದೆ. ಈ ಕೃಷ್ಣ ಹಾಡುವುದು ಎತ್ತರದ ನಾಲ್ಕು ಮನೆ ಶ್ರುತಿಯಲ್ಲಿ, ತಾರ ಷಡ್ಜದಾಚೆ ಮಧ್ಯಮದವರೆಗೂ ಹೋಗುತ್ತಾನೆ. ರಾತ್ರಿ ಹನ್ನೊಂದಕ್ಕೇ ಅದನ್ನು ಎರಡೆರಡು ಸಲ ಮುಟ್ಟಿದರೆ ಮೂರು ಗಂಟೆಯ ಹೊತ್ತಿಗೆ ಸ್ವರ ಕೆಳಗೆ ಜಾರುತ್ತದೆ, ಆಗ ಪಾತ್ರಧಾರಿ ಜೋರು ಮಾಡಿ ಇನ್ನೂ ಕೆಡಿಸಿಕೊಳ್ಳುತ್ತಾನೆ. ಲೆಕ್ಕ ಹಾಕಿದರೂ ಹಾಗೆಯೇ. ನಾಲ್ಕು ನಿಮಿಷದ ಒನ್ಸ್ ಮೋರ್ ಹದಿನೈದಾದರೆ ಒಂದು ಗಂಟೆ ಹೋಯಿತು. ಆ ಗಂಟೆ ಕಳೆಯುವುದು ಕೊನೆಯ ಸೀನಿನಲ್ಲಿ. ವೈಶಂಪಾಯನ ಸರೋವರದ ದುರ್ಯೋಧನ ಬೆಳಕು ಹರಿದ ಮೇಲೆ, ಚಾಪೆ ಸುತ್ತಿಕೊಂಡು ಎದ್ದು ಹೋಗುತ್ತಿರುವವರ ಬೆನ್ನಿಗೆ ಮಾತಾಡಬೇಕಾಗುತ್ತದೆ. ಇಡೀ ರಾತ್ರಿ ಅದಕ್ಕಾಗಿ ಕಾದ ಪಾತ್ರಧಾರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇಲ್ಲ.

ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ಪ್ರವೇಶದ ಸೂಚನೆಯನ್ನು ಹಾಡಿನ ಕೊನೆಯ ಸಾಲಿಗೆ ಕಟ್ಟಬಾರದು, ಹಾಡಾದ ಮೇಲಿನ ಮಾತಿಗೆ ಕಟ್ಟಬೇಕು. ದ್ರೌಪದಿ ಆ ದಿನ ಸಿಕ್ಕಿಬಿದ್ದದ್ದು ಇದರಿಂದಲೇ, ಅವರ ಪುಸ್ತಕದಲ್ಲಿ ‘ಹಾಡು ಮುಗಿದ ಕೂಡಲೇ’ ಎಂದು ಬರೆದಿತ್ತು. ಮೇಷ್ಟ್ರು ಅದನ್ನು ಹೊಡೆದುಹಾಕಿ, ಕೃಷ್ಣ ‘ಯಾರಲ್ಲಿ?’ ಎಂದ ಮೇಲೆ ಬರಬೇಕೆಂದು ಬದಲಿಸಿದರು. ಈಗ ಕೃಷ್ಣ ಮೂರು ಸಲ ಹಾಡಿದರೂ ಅವರು ಸೈಡ್ ವಿಂಗಿನಲ್ಲಿ ನೆಮ್ಮದಿಯಾಗಿ ನಿಂತಿರಬಹುದು. ಪರದೆ ಎಳೆಯುವವನಿಗೂ ಇದೇ ನಿಯಮ. ಹಾಡು ಕೇಳಿ ಹಗ್ಗ ಎಳೆಯಬಾರದು, ಸೀಟಿ ಕೇಳಿಯೇ ಎಳೆಯಬೇಕು.

ಎಲ್ಲ ಕಡೆ ಬಿಗಿ ಮಾಡಬೇಕೆಂದೂ ಇಲ್ಲ. ರಸ್ತೆಯ ಪರದೆ ಬಿಟ್ಟು ಅದರ ಮುಂದೆ ಆಡುವ ರಸ್ತೆ ಸೀನಿನ ಹಾಸ್ಯದ ಹಾಡಿಗೆ ಎಷ್ಟು ಒನ್ಸ್ ಮೋರ್ ಬಂದರೂ ಲಾಭವೇ. ಆ ಪರದೆಯ ಹಿಂದೆ ದರ್ಬಾರಿನ ಸಿಂಹಾಸನ, ಕಂಬ, ಮೆಟ್ಟಿಲು ಜೋಡಿಸುತ್ತಿರುತ್ತಾರೆ, ಅವರಿಗೆ ಐದು ನಿಮಿಷ ಹೆಚ್ಚಿಗೆ ಸಿಕ್ಕಿದರೆ ಬಂಗಾರ. ಯುದ್ಧಕ್ಕೆ ಹೊರಡುವ ವೀರಾವೇಶದ ಹಾಡಿಗೂ ಕೊಡಬಹುದು. ಸಾವು, ಬೀಳ್ಕೊಡುಗೆ, ಮಾನಭಂಗದ ಮಾತು ಇರುವ ಕಡೆ ಮಾತ್ರ ಕೊಡಲೇಬಾರದು. ಜನ ಎಷ್ಟೇ ಕೂಗಲಿ, ಅಲ್ಲಿ ಪಾತ್ರಧಾರಿ ಪಾತ್ರ ಬಿಟ್ಟು ಕೈ ಮುಗಿಯಬಾರದು, ಮುಂದಿನ ಮಾತು ಹಿಡಿಯಬೇಕು. ಒಳ್ಳೆಯ ಪ್ರೇಕ್ಷಕ ಎರಡನೇ ಮಾತಿಗೇ ಸುಮ್ಮನಾಗುತ್ತಾನೆ.

ಗೆಯೋರ್ಗಿಯು ಕೇಳಿದ್ದರಲ್ಲಿ ನ್ಯಾಯವಿದೆ ಎಂದೇ ನನ್ನ ಅಭಿಪ್ರಾಯ. ಕೇಳಿದ ಜಾಗ ಮಾತ್ರ ತಪ್ಪು. ಯುಗಳಗೀತೆ ಅರ್ಧಕ್ಕೆ ನಿಂತಾಗ ಪೆಟ್ಟು ಬಿದ್ದದ್ದು ಟಿಕೆಟ್ ಕೊಂಡು ಬಂದ ಜನಕ್ಕೆ ಮತ್ತು ಅವರೇ ಕಾಪಾಡಲು ಹೊರಟಿದ್ದ ನಾಟಕಕ್ಕೆ. ನಮ್ಮ ದ್ರೌಪದಿ ಅದನ್ನು ತಾಲೀಮಿನಲ್ಲಿ, ಮೇಷ್ಟ್ರ ಎದುರಿಗೆ, ಕೃಷ್ಣನಿಗೆ ಕೇಳುವ ಹಾಗೆ ಕೇಳಿದರು.

ಸಂಜೆ ಏಳರ ಹೊತ್ತಿಗೆ ಮೇಷ್ಟ್ರು ಹಾಡಿನ ಪುಸ್ತಕ ತೆರೆದು ಕೆಂಪು ಪೆನ್ಸಿಲ್ ಹಿಡಿದು ಕೂತರು. ಕೊಡಬಹುದಾದ ಹಾಡಿಗೆ ಸುತ್ತು, ಎಲ್ಲಿಂದ ಎತ್ತಬೇಕೋ ಆ ಸಾಲಿನ ಪಕ್ಕ ಬಾಣ, ಕೊಡಬಾರದ್ದಕ್ಕೆ ಅಡ್ಡಗೆರೆ. ಕೃಷ್ಣನ ಹಾಡುಗಳಲ್ಲಿ ಐದಕ್ಕೆ ಸುತ್ತು ಬಿತ್ತು. ದ್ರೌಪದಿಯ ಪ್ರವೇಶದ ಮುಂಚಿನ ಹಾಡಿಗೆ ಮೇಷ್ಟ್ರು ಅಡ್ಡಗೆರೆ ಎಳೆಯಲು ಹೋದಾಗ ಅವರೇ ತಡೆದರು: “ಇರ್ಲಿ ಬಿಡ್ರಿ ಮೇಷ್ಟ್ರೇ, ಒಂದ್ಸಲ ಹಾಡ್ಲಿ. ಈಗ ಗೊತ್ತಾತಲ್ಲ.” ಮೇಷ್ಟ್ರು ಸುತ್ತು ಹಾಕಿ, ಪಕ್ಕದಲ್ಲಿ ‘1’ ಎಂದು ಬರೆದರು.